ಮುಗಿಯದ ಸ್ವರ

ಸಂಜೆಯ ಮದುವೆಮನೆಯಲ್ಲಿ ನುಡಿಯಬೇಕಿದ್ದ ಪೆಡಲ್ ಸ್ಟೀಲ್ ಗಿಟಾರು, ತನಗೊಂದು ಆಂಪ್ಲಿಫೈಯರ್ ಆರಿಸಲು ಅಂಗಡಿಗೆ ಬಂತು.

"ನನ್ನನ್ನೇ ಕರೆದೊಯ್ಯಿರಿ," ಎಂದಿತು ಹೊಸ ಮಾಡೆಲಿಂಗ್ ಆಂಪು. "ಲೋಕದ ಯಾವ ಆಂಪಿನ ದನಿಯನ್ನು ಬೇಕಾದರೂ ತೆಗೆಯಬಲ್ಲೆ."

"ಎಲ್ಲಿ, ಕೇಳೋಣ," ಎಂದು ಗಿಟಾರು ತನ್ನ ವೈರನ್ನು ಅದಕ್ಕೆ ಸಿಕ್ಕಿಸಿ ಒಂದು ಸ್ವರ ಮೀಟಿತು.

ತಂತಿಯ ಮೇಲೆ ಉಕ್ಕಿನ ಕಡ್ಡಿ ಜಾರುತ್ತಾ ಸ್ವರ ಮೆಲ್ಲಗೆ ಮೇಲೇರತೊಡಗಿತ್ತಷ್ಟೇ. ಅಷ್ಟರಲ್ಲಿ ಆಂಪು ಒಮ್ಮೆ ಗುಡುಗಿತು, ಕೂಡಲೇ ಪಿಸುಗುಟ್ಟಿತು, ಅದೂ ಸಾಲದೆಂದು ಹಳೆಯ ರೇಡಿಯೊದಂತೆ ಗೊರಗೊರ ಎಂದಿತು.

"ಸ್ವಲ್ಪ ತಾಳಿ!"

"ತಾಳುವುದೆಲ್ಲಿ ಬಂತು, ಇನ್ನೂ ಎಷ್ಟೋ ದನಿಗಳಿವೆ! ಬೇಗ ಹೇಳಿ, ಯಾವುದು ಹಿಡಿಸಿತು?"

ಗಿಟಾರು ಅದರಿಂದ ವೈರು ಕಿತ್ತು, ಪಕ್ಕದಲ್ಲಿ ಸುಮ್ಮನಿದ್ದ ಒಂದೇ ದನಿಯ ಹಳೆಯ ಆಂಪಿಗೆ ಸಿಕ್ಕಿಸಿತು.

"ನನ್ನ ಮೊದಲ ಸ್ವರವೇ ಇನ್ನೂ ಮುಗಿದಿಲ್ಲವಲ್ಲ!"