ಬಟ್ಟಲಿನ ಕೊನೆಯ ಗುಟುಕು

"ಬುದ್ಧಿ, ಮಕ್ಕಳಿಗೆ ಕಾಫಿ ಕೊಡಬಹುದೋ, ಕೊಡಬಾರದೋ?"

ಬೆಳಗಿನ ಪೂಜೆ ಆಗಷ್ಟೇ ಮುಗಿದಿತ್ತು. ಗುರುಮಲ್ಲಪ್ಪ ಮಠದ ಪಡಸಾಲೆಯಲ್ಲಿ ಕೂರುವ ಮೊದಲೇ ಕೇಳಿಬಿಟ್ಟ. ಅವನ ಮಗನಿಗಿನ್ನೂ ಆರು ವರ್ಷ. ಕಾಫಿ ಕೊಟ್ಟರೆ ರಾತ್ರಿ ನಿದ್ದೆಯಿಲ್ಲ, ಕೊಡದಿದ್ದರೆ ಬೆಳಗಾಗೆದ್ದು ರಂಪ.

ಸ್ವಾಮಿಗಳು ನಕ್ಕರು. "ಕೊಡಬಾರದು. ಎಳೆಯ ಮೈಗೆ ಅದು ಬೇಡ. ಅಷ್ಟು ನಿನಗೂ ಗೊತ್ತು. ಬಿಡಿಸುವುದು ಹೇಗೆ ಅನ್ನುವುದಲ್ಲವೇ ನಿನ್ನ ಪೇಚಾಟ? ಕೇಳು" ಎಂದು ಕತೆಗೆ ತೊಡಗಿದರು.

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ದುಡಿಮೆ ಅಂದರೆ ಅವನದು ದುಡಿಮೆ! ಬಿಸಿಲೇರುವ ಮೊದಲೇ ಮಂಡಿಗೆ ಹೋದರೆ, ಮಕ್ಕಳು ಮಲಗಿದ ಮೇಲೆಯೇ ಮನೆಗೆ ಬರುವವನು. ಮನೆಯಲ್ಲಿ ಅವನು ನೆಟ್ಟಗೆ ಕೂರುತ್ತಿದ್ದುದು ಬೆಳಗಿನ ಕಾಫಿಗೆ ಮಾತ್ರ. ಲೋಟ ಹಿಡಿದು ಜಗಲಿಯ ಮೇಲೆ ಕೂತದ್ದೇ ತಡ, ಪುಟ್ಟ ಮಗಳು ಓಡಿಬಂದು ತೊಡೆ ಏರುತ್ತಿದ್ದಳು. ಕೊನೆಯ ಗುಟುಕನ್ನು ಅವನು ಬಟ್ಟಲಿಗೆ ಬಗ್ಗಿಸಿ, ಊದಿ ಆರಿಸಿ, ಅವಳಿಗೆ ಕುಡಿಸುತ್ತಿದ್ದ. ಯಾರ ಮನೆಯಲ್ಲಿಲ್ಲ ಹೇಳು, ಈ ಮುದ್ದು?

ಗುಟುಕು ಅರ್ಧ ಬಟ್ಟಲಾಯಿತು. ಅರ್ಧ ಹೋಗಿ ತುಂಬು ಬಟ್ಟಲಾಯಿತು. ಆಮೇಲೆ ನೋಡಬೇಕಿತ್ತು ಅವಳ ಆಟ! ಊರೆಲ್ಲ ಮಲಗಿದರೂ ಇವಳು ಚಾಪೆಯ ಮೇಲೆ ಕುಣಿಯುವಳು. ಹಗಲಿಗೆ ಶಾಲೆಯಲ್ಲಿ ತೂಕಡಿಕೆ. ಊಟದ ತಟ್ಟೆ ಇಟ್ಟಲ್ಲೇ ಇರುತ್ತಿತ್ತು. ಕೈಕಾಲು ಕಡ್ಡಿಯಾದವು.

ಹೆಂಡತಿ ಖಡಾಖಂಡಿತವಾಗಿ ಹೇಳಿದಳು: "ರುಚಿ ಹತ್ತಿಸಿದವರು ನೀವು. ಬಿಡಿಸುವವರೂ ನೀವೇ."

ವ್ಯಾಪಾರಿ ಯೋಚಿಸಿದ. ಕಾಫಿ ಕಣ್ಣಿಗೆ ಬಿದ್ದರಲ್ಲವೇ ಮಗು ಕೇಳುವುದು? ಭಲೇ ಉಪಾಯ ಅಂದುಕೊಂಡ. ಮನೆಯಲ್ಲಿ ಕಾಫಿ ಕುಡಿಯುವುದನ್ನೇ ಬಿಟ್ಟ. ಎದ್ದವನೇ ಮುಖ ತೊಳೆದು, ಮಂಡಿಯ ಪಕ್ಕದ ಹೋಟೆಲಿಗೆ ಹೋಗಿ ಅಲ್ಲೇ ಕುಡಿಯತೊಡಗಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಮಗುವಿಗೆ ನಿದ್ದೆ ಮರಳಿತು, ನಿಜ. ಆದರೆ ಹಾಲು ಕೊಟ್ಟರೆ ಚೆಲ್ಲುತ್ತಿದ್ದಳು. ಅನ್ನ ಕೊಟ್ಟರೆ ಮುಖ ತಿರುಗಿಸುತ್ತಿದ್ದಳು. ಬೆಳಗಾದರೆ ಖಾಲಿ ಬಟ್ಟಲು ಹಿಡಿದು ಜಗಲಿಯ ಮೇಲೆ ಕೂರುವಳು. ಕರೆದರೆ ಮಾತಿಲ್ಲ. ಹೆಂಡತಿ ಇದನ್ನು ಹೇಳಿದಾಗ ವ್ಯಾಪಾರಿಗೆ ರೇಗಿತು. "ಅಬ್ಬಾ, ಇಷ್ಟು ಎಳೆಯದಕ್ಕೆ ಇಂಥ ಚಟವೇ! ಒಣಗಿದರೂ ಸರಿ, ಕೊಡಬೇಡ" ಎಂದ.

ಮಗು ಒಣಗುತ್ತಲೇ ಹೋಯಿತು. ಒಂದು ಬೆಳಗ್ಗೆ ಎತ್ತಿಕೊಂಡರೆ ಹತ್ತಿಯ ಹಾಗೆ ಹಗುರ. ಚಟವೂ ಬೇಡ, ಹಟವೂ ಬೇಡ, ಮಗು ಉಳಿದರೆ ಸಾಕು ಅನ್ನಿಸಿತು ಅವನಿಗೆ. "ಕಾಫಿ ತಾರೇ!" ಎಂದು ಒಳಗೆ ಕೂಗಿದ. ಜಗಲಿಯ ಮೇಲೆ ಕೂತು, ಮಗಳನ್ನು ತೊಡೆಗೆಳೆದುಕೊಂಡು, ಅವಳ ಬಟ್ಟಲಿಗೆ ಕಾಫಿ ತುಂಬಿಸಿಕೊಟ್ಟ. "ಕುಡಿಯಮ್ಮಾ, ಎಷ್ಟು ಬೇಕೋ ಕುಡಿ."

ಮಗು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ಹಿಡಿದುಕೊಂಡೇ ಮಾತು ಶುರುಮಾಡಿತು. ಹಿತ್ತಲಲ್ಲಿ ಬೆಕ್ಕು ಮರಿ ಹಾಕಿದೆಯಂತೆ! ಒಂದು ಮರಿ ಇನ್ನೂ ಕಣ್ಣೇ ಬಿಟ್ಟಿಲ್ಲವಂತೆ! ಪಕ್ಕದ ಮನೆಯ ಹುಡುಗಿ ಇವಳ ಜೊತೆ ಟೂ ಬಿಟ್ಟಿದ್ದಾಳಂತೆ! ಅವನೂ "ಹೌದಾ? ಹೌದಾ?" ಎನ್ನುತ್ತ ಕೂತ. ಮಂಡಿಯ ಆಳು ಬಂದು ಕರೆದು ಹೋದ. ಕಾಫಿ ಆರಿತು. ಮೇಲೆ ಕೆನೆ ಕಟ್ಟಿತು. ಮಗು ಅದಕ್ಕೆ ತುಟಿಯನ್ನೇ ಹಚ್ಚಲಿಲ್ಲ. ಮಾತು ಮುಗಿದ ಮೇಲೆ "ಅಪ್ಪಾ, ಹಸಿವು" ಅಂದಿತು.

ವ್ಯಾಪಾರಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ತನ್ನ ಕೈಯಾರೆ ರೊಟ್ಟಿ ಮುರಿದು ತಿನ್ನಿಸಿದ. ಅವತ್ತಿನಿಂದ ಆ ಬಟ್ಟಲಿಗೆ ಹಾಲು. ಅವಳು ಒಮ್ಮೆಯೂ ಯಾಕೆಂದು ಕೇಳಲಿಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಮಲ್ಲಪ್ಪ ಸಂಭ್ರಮದಿಂದ ಎದ್ದೇ ನಿಂತ. "ಎಂಥ ಮಾತು ಹೇಳಿದಿರಿ ಬುದ್ಧಿ! ಇಷ್ಟು ಸುಲಭವೇ! ಈಗಲೇ ಹೇಳಿಕಳಿಸುತ್ತೇನೆ, ನಾಳೆಯಿಂದ ನನ್ನ ಮಗನ ಲೋಟಕ್ಕೂ ಹಾಲೇ ಹಾಕಲಿ. ನಾನಂತೂ ದಿನಾ ಬೆಳಗ್ಗೆ ಇಲ್ಲೇ ತಮ್ಮ ಪಾದದಲ್ಲಿರುತ್ತೇನೆ, ಮನೆಯವಳೇ ನೋಡಿಕೊಳ್ಳುತ್ತಾಳೆ."

ಸ್ವಾಮಿಗಳು ಅವನ ಮುಖವನ್ನೇ ನೋಡಿದರು.

"ಗುರುಮಲ್ಲಪ್ಪ, ಈ ಹೊತ್ತಿನಲ್ಲಿ ನಿನ್ನ ಮಗ ಯಾರ ತೊಡೆಯ ಮೇಲಿದ್ದಾನಪ್ಪಾ?"