ಕೆಂಚಿ ಹಳ್ಳದ ಹತ್ತಿರ

ಕಾಡಂಚಿನ ಬುಡಕಟ್ಟಿನವರ ಹಾಡಿಯ ಬೊಮ್ಮಿ ಕಾಡಿನಲ್ಲಿ ಸೀಗೆಕಾಯಿ ಆಯುತ್ತಿದ್ದಳು. ಹೊಸದಾಗಿ ಬಂದಿದ್ದ ರೇಂಜರು ಅವಳ ಚೀಲ ಕಿತ್ತುಕೊಂಡರು.

"ಇದು ಸರ್ಕಾರದ ಕಾಡು. ನಿಮ್ಮವರು ಇಲ್ಲಿ ಯಾವತ್ತೂ ಇರಲಿಲ್ಲ. ನಡಿ ಆಫೀಸಿಗೆ, ಕೇಸು ಹಾಕ್ತೀನಿ."

ಒಬ್ಬಳ ಮೇಲೆ ಕೇಸು ಬಿದ್ದರೆ ಇಡೀ ಹಾಡಿಗೇ ಕಾಡು ಮುಚ್ಚಿದಂತೆ. ಬೊಮ್ಮಿ ಅಲ್ಲೇ ಕುಕ್ಕರಿಸಿದಳು.

"ಕಾಲು ನೋವು ಸ್ವಾಮಿ. ಜೀಪು ಕರೆಸಿ, ಬತ್ತೀನಿ."

ರೇಂಜರು ವಾಕಿಟಾಕಿಯಲ್ಲಿ ಡ್ರೈವರನ್ನು ಕರೆದರು. ಎಲ್ಲಿಗೆ ಬರಲಿ ಎಂದು ಅವನು ಕೇಳಿದ. ಇಲಾಖೆಯ ನಕ್ಷೆಯಲ್ಲಿದ್ದ ಹೆಸರನ್ನೇ ಹೇಳಿದರು.

"ಕೆಂಚಿ ಹಳ್ಳದ ಹತ್ತಿರ."

"ಕೆಂಚಿ ನಮ್ಮಜ್ಜಿ ಸ್ವಾಮಿ," ಅಂದಳು ಬೊಮ್ಮಿ.

ರೇಂಜರು ತಡವರಿಸಿದರು. "ಹಳ್ಳ ಬೇಡ ಕಣಯ್ಯ. ಜವನಯ್ಯನ ಬಂಡೆ ಹತ್ತಿರ ಬಾ."

"ಜವನಯ್ಯ ಅಜ್ಜಿಯ ಅಣ್ಣ."

ರೇಂಜರು ಸುತ್ತ ನೋಡಿದರು. "ಒಂದು ದೊಡ್ಡ ಮತ್ತಿ ಮರ ಇದೆ, ಅಲ್ಲಿಗೆ ಬಾ."

"ಕಾಡು ತುಂಬ ಮತ್ತಿ ಮರವೇ ಸಾರ್," ಅಂದ ಡ್ರೈವರು. "ಜಾಗದ ಹೆಸರು ಹೇಳಿ."



ಬೊಮ್ಮಿ ಮೆಲ್ಲಗೆ ಕೇಳಿದಳು: "ಈ ಕಾಡಲ್ಲಿ ಸರ್ಕಾರದವರ ತಾತನ ಹೆಸರಿನ ಹಳ್ಳವೋ ಬಂಡೆಯೋ ಒಂದು ತೋರಿಸಿ ಸ್ವಾಮಿ. ಆ ಕಡೆ ನಾವು ತಲೆ ಹಾಕಿಯೂ ಮಲಗಲ್ಲ."

"ಎಲ್ಲಿಗೆ ಬರಲಿ ಸಾರ್?" ಡ್ರೈವರು ಮತ್ತೆ ಕೇಳಿದ.

"ಎಲ್ಲಿಗೂ ಬೇಡ. ನಾನೇ ನಡೆದು ಬರ್ತೀನಿ."

ರೇಂಜರು ಚೀಲವನ್ನು ಅವಳ ಮುಂದಿಟ್ಟು ನಾಲ್ಕು ಹೆಜ್ಜೆ ಹೋದರು. ಆಮೇಲೆ ತಿರುಗಿ, "ಆಫೀಸಿಗೆ ಒಳದಾರಿ ಯಾವುದು?" ಎಂದು ಕೇಳಿದರು.

"ಎದುರಿಗಿರೋ ದಿಣ್ಣೆ ಹತ್ತಿ ಇಳೀರಿ ಸ್ವಾಮಿ," ಅಂದಳು ಬೊಮ್ಮಿ. "ಅದಕ್ಕೆ ನಮ್ಮಪ್ಪನ ಹೆಸರು."