ಹೊಳೆಮತ್ತಿಯ ಬೇರಿನ ಮಣ್ಣು

ಹೊಳೆಯ ದಂಡೆಯ ಮೇಲೆ ಗುರುಬಸವ್ವನ ಆಶ್ರಮ. ಅಲ್ಲಿದ್ದ ಶಿಷ್ಯರಲ್ಲಿ ಕಲ್ಮೇಶನಷ್ಟು ಶುಚಿಯವನು ಇನ್ನೊಬ್ಬನಿರಲಿಲ್ಲ. ಬಾವಿಯ ಹಗ್ಗವನ್ನೂ ತೊಳೆದೇ ನೀರು ಸೇದುತ್ತಿದ್ದ. ಬಿಟ್ಟರೆ ಇವನು ನೀರನ್ನೂ ತೊಳೆದು ಕುಡಿಯುತ್ತಾನೆ ಎಂದು ಉಳಿದವರು ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು. ಆದರೆ ಅವನನ್ನು ಕಂಡರೆ ಅವಳಿಗೆ ಉಳಿದವರಿಗಿಂತ ಒಂದು ಗುಂಜಿ ಅಕ್ಕರೆ ಹೆಚ್ಚೇ.

ಆ ಮುಂಗಾರಿಗೆ ಬದನೆ ಸಸಿ ಎಬ್ಬಿಸುವ ಕೆಲಸವನ್ನು ಅವನಿಗೆ ಒಪ್ಪಿಸಿದಳು. ಹಸಿರು ಮುಳ್ಳುಗಾಯಿಯ ಆ ತಳಿ ಅವಳ ತವರಿನಿಂದ ಬಂದದ್ದು. ಈಗ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಆಶ್ರಮದಲ್ಲಿ ಒಂದು ಬಟ್ಟಲು ಬೀಜ ಇತ್ತು, ಅಷ್ಟೇ.

ಬಿತ್ತಿದ್ದು ಮೊಳೆತು ಎರಡೆಲೆ ಬಿಟ್ಟಿತು. ಆಮೇಲೆ ಬುಡಕ್ಕೆ ಬಿಳಿ ಬೂಷ್ಟು ಹಿಡಿದು, ಸಸಿಗಳೆಲ್ಲ ಕೊಳೆತು ನೆಲಕ್ಕೆ ಮಲಗಿದವು.

ಕಲ್ಮೇಶ ಮಣ್ಣನ್ನು ದೂರಿದ. ಹೊಸ ಪಾತಿ ಮಾಡಿ, ಹೊಲಸೆಲ್ಲ ಸಾಯಲಿ ಎಂದು ಹಂಡೆಗಟ್ಟಲೆ ಕುದಿನೀರು ಸುರಿದ. ಗೊಬ್ಬರ, ಒಣಗಿದ ಎಲೆ, ಕಡ್ಡಿ ಒಂದನ್ನೂ ಬಿಡದೆ ಆರಿಸಿ ತೆಗೆದ. ಪಾತಿ ದೇವರ ಕೋಣೆಯ ಹಾಗೆ ಕಾಣುತ್ತಿತ್ತು. ಅಲ್ಲಿ ಮತ್ತೆ ಬಿತ್ತಿ ಎದ್ದ ಸಸಿಗಳು ಇನ್ನೂ ಬೇಗ ಸತ್ತವು.

ಉಳಿದ ಒಂದು ಹಿಡಿ ಬೀಜ ಒಂದು ಕೈಯಲ್ಲಿ, ಬಟ್ಟೆಯ ಗಂಟು ಇನ್ನೊಂದು ಕೈಯಲ್ಲಿ ಹಿಡಿದು ಅವನು ಅವ್ವನ ಎದುರು ನಿಂತ.

“ನನ್ನ ಕೈಗುಣ ಚೊಲೊ ಇಲ್ಲರೀ ಅವ್ವಾರ. ಇದನ್ನ ಬ್ಯಾರೆಯವ್ರ ಕಡೆ ಬಿತ್ತಸ್ರಿ. ನಾ ಊರಿಗೆ ಹೋಗ್ತೀನಿ.”

ಅವ್ವ ಕೋಲು ಊರಿ ಎದ್ದು, ಅವನನ್ನು ದಂಡೆಯ ಹೊಳೆಮತ್ತಿ ಮರದ ಕೆಳಗೆ ಕರೆದುಕೊಂಡು ಹೋದಳು. ಅಲ್ಲಿ ಎಲೆಗಳು ಕೊಳೆತು ಬಿದ್ದಿದ್ದವು. ಅವುಗಳ ನಡುವೆ ಮರದ ಎಳೆಯ ಸಸಿಗಳು ನೆಟ್ಟಗೆ ನಿಂತಿದ್ದವು.

“ಇಲ್ಲಿ ಬೂಷ್ಟು ಅದ ಏನು?”

“ಎಲ್ಲಾ ಕಡೆ ಅದರೀ.”

“ಮತ್ತ ಈ ಕೂಸುಗಳು ಯಾಕ ಸತ್ತಿಲ್ಲ?”

ಕಲ್ಮೇಶ ಬಗ್ಗಿ ಒಂದು ಸಸಿಯ ಬುಡವನ್ನು ನೋಡಿದ.

ಅವ್ವ ಕುಕ್ಕರಗಾಲಲ್ಲಿ ಕುಳಿತು ನೆಲ ಕೆದಕಿದಳು. ಮರದ ಎಳೆ ಬೇರುಗಳನ್ನು ಅಂಟಿದ ಮಣ್ಣಿನ ಸಮೇತ ಸೆರಗಿಗೆ ಹಾಕಿಕೊಂಡಳು. ಆಶ್ರಮಕ್ಕೆ ಬಂದು ಅದನ್ನು ಮಡಕೆಯ ನೀರಿನಲ್ಲಿ ನೆನೆಹಾಕಿ, ಬೆಲ್ಲವನ್ನೂ ಕಡಲೆ ಹಿಟ್ಟನ್ನೂ ಕಲಸಿ ಮುಚ್ಚಿಟ್ಟಳು.

ಕೆಲವು ದಿನ ಕಳೆದ ಮೇಲೆ ಮಡಕೆ ನೊರೆಗಟ್ಟಿ ಹುಳಿ ವಾಸನೆ ಬಿಟ್ಟಿತು. ಬೀಜವನ್ನು ಅದರಲ್ಲಿ ಕಲಸಲು ಅವ್ವ ಹೇಳಿದಳು. ಕಲ್ಮೇಶ ಮೂಗು ಮುಚ್ಚಿಕೊಂಡು ಸೌಟು ತಂದ. ಅವ್ವ ಸೌಟು ಕಸಿದುಕೊಂಡಳು.

“ಕೈ ಹಾಕು.”

ಅವನು ಕಣ್ಣು ಮುಚ್ಚಿ ಕೈ ಹಾಕಿದ. ಇದರಲ್ಲಿ ಏನಿದೆ ಎಂದು ಕೇಳಿದ.

“ಕಣ್ಣಿಗೆ ಕಾಣದ ಜೀವ. ಮರ ಅವಕ್ಕ ಬೇರಿನಾಗ ಜಾಗಾ ಕೊಟ್ಟದ, ಉಣ್ಣಾಕ ಕೊಟ್ಟದ. ಅವು ಬೂಷ್ಟನ್ನ ಹತ್ರ ಬಿಟ್ಟಕೊಳ್ಳಂಗಿಲ್ಲ. ನಿನ್ನ ಕುದಿನೀರು ಇಂಥಾವನ್ನೆಲ್ಲಾ ಕೊಂದಿತು, ತಮ್ಮಾ. ಬಾಗಲಾ ತೆರೆದಿಟ್ಟ ಖಾಲಿ ಮನಿಗೆ ಮೊದಲು ನುಗ್ಗೋದು ನಾಯಿ.”

ಕಲ್ಮೇಶ ಆ ಬೀಜ ಬಿತ್ತಿ, ಮಡಕೆಯ ನೀರನ್ನು ಪಾತಿಗೆ ಚಿಮುಕಿಸಿದ. ಸಸಿ ಎದ್ದರೆ ನೋಡಿಕೊಂಡು ಹೋಗುತ್ತೇನೆ ಎಂದು ಹೇಳಿದ. ಅವ್ವ ಹೂಂ ಅಂದಳು.

ಬೆಳಗಾದರೆ ಮೊದಲು ಸ್ನಾನ ಮಾಡುತ್ತಿದ್ದವನು ಈಗ ಎದ್ದವನೇ ಪಾತಿಗೆ ಓಡುತ್ತಿದ್ದ. ಬೂಷ್ಟು ಬಂತು. ಅಲ್ಲೊಂದು ಇಲ್ಲೊಂದು ಸಸಿ ಬಿತ್ತು. ಉಳಿದವು ಬೀಳಲಿಲ್ಲ, ನಾಲ್ಕೆಲೆಯಾದವು. ಅವುಗಳ ಮುಂದೆ ಕುಳಿತು ಕಲ್ಮೇಶ ಸಂತೋಷಕ್ಕೆ ಅತ್ತುಬಿಟ್ಟ.

ಅತ್ತು ಮುಗಿದ ಮೇಲೆ ನಾಚಿಕೆ ಬಂತು. ಗಂಟು ತೆಗೆದುಕೊಂಡು ಅವ್ವನ ಕಾಲಿಗೆರಗಿದ.

“ತಳಿ ಉಳೀತರೀ. ಆದ್ರ ನನ್ನಿಂದ ಎರಡು ಪಾತಿ ಸತ್ತಾವು. ಯಾವ ಮುಖಾ ಹೊತ್ತು ಇರ್ಲಿ? ಅಪ್ಪಣೆ ಕೊಡ್ರಿ.”

ಅವ್ವ ಅವನ ಉಗುರುಗಳಲ್ಲಿ ಸೇರಿಕೊಂಡಿದ್ದ ಮಣ್ಣನ್ನು ನೋಡಿದಳು. ಗಂಟನ್ನು ಅವನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು.

“ಕಣ್ಣಿಗೆ ಕಾಣದ ಅಷ್ಟು ಮಂದಿನ್ನ ಕರಕೊಂಡು ಬಂದು ಪಾತ್ಯಾಗ ಇಟ್ಟೀದಿ. ನೀ ಹೋದ್ರ ಅವರಿಗೆ ಉಣ್ಣಾಕ ನೀಡೋರು ಯಾರೋ?”